ಬೆಳ್ಳಿಯ ಮೇಲಣ ಅಂಕಿತ

ಕಳೆದ ಬೇಸಗೆಯ ರಜದಲ್ಲಿ, ಲಂಡನ್ನಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು, ಮಾತಿನ ನಡುವೆ ಕಾಗದದ ಪೊಟ್ಟಣವೊಂದನ್ನು ನನ್ನ ಮೇಜಿನ ಮೇಲಿಟ್ಟನು. ಬಿಚ್ಚಿ ನೋಡಿದರೆ ಒಂದು ಬೆಳ್ಳಿಯ ಚಮಚ. ಬಡಿಸುವುದಕ್ಕೆ ಒದಗುವಷ್ಟು ದೊಡ್ಡದು, ಅಲಂಕಾರವೇನೂ ಇಲ್ಲ, ಅಂಚಿನುದ್ದಕ್ಕೂ ಮಣಿಯ ಸಾಲಿನಂಥ ಒಂದು ಸಣ್ಣ ಕೆಲಸ, ಅಷ್ಟೆ. ನನಗೆ ಸ್ವಲ್ಪ ಸಂಕೋಚವೇ ಆಯಿತು. “ಇಷ್ಟು ಬೆಲೆಯ ವಸ್ತುವನ್ನು ಏಕೆ ತಂದೆಯಪ್ಪ?” ಎಂದೆ. ಅವನು ನಕ್ಕು, “ಬೆಲೆಗಾಗಿ ತರಲಿಲ್ಲ ಸಾರ್; ಹಿಂಬದಿಯನ್ನು ನೋಡಿ. ಅಲ್ಲೊಂದು ಶಾಸನವಿದೆ. ತರಗತಿಯಲ್ಲಿ ನಮ್ಮಿಂದ ಓದಿಸುತ್ತಿದ್ದಿರಲ್ಲ, ಈಗ ನೀವು ಓದಿ ಹೇಳಿ” ಎಂದನು.

ಶಾಸನದ ಪಡಿಯಚ್ಚುಗಳನ್ನು ನೋಡುವುದಕ್ಕೆಂದು ಇಟ್ಟುಕೊಂಡಿರುವ ಭೂತಗನ್ನಡಿಯನ್ನು ತೆಗೆದುಕೊಂಡು ಚಮಚವನ್ನು ಹೊರಳಿಸಿದೆ. ಹಿಡಿಯ ಹಿಂಭಾಗದಲ್ಲಿ ರಾಗಿಯ ಕಾಳಿಗಿಂತ ತುಸು ದೊಡ್ಡದಾದ ಐದು ಮುದ್ರೆಗಳು ಸಾಲಾಗಿದ್ದುವು. ಒಂದು, ಮುಂಗಾಲನ್ನೆತ್ತಿ ನಡೆಯುತ್ತಿರುವ ಸಿಂಹ. ಇನ್ನೊಂದು, ಕಿರೀಟವಿಟ್ಟ ಚಿರತೆಯ ಮುಖ. ಮೂರನೆಯದು, ಇಂಗ್ಲಿಷಿನ ಸಣ್ಣಕ್ಷರದ ‘ಎಂ’. ನಾಲ್ಕನೆಯದು, ಪಕ್ಕಕ್ಕೆ ತಿರುಗಿದ ಒಬ್ಬ ಅರಸನ ತಲೆ. ಕೊನೆಯದು, ಬಳ್ಳಿಯಂತೆ ಬಾಗಿಸಿ ಬರೆದ ‘ಎಚ್. ಬಿ.’ ಎಂಬ ಎರಡಕ್ಷರ. ಅಂದು ಆ ಸಾಲು ನನಗೆ ಓದಲಾಗದ ಲಿಪಿಯೇ ಆಗಿತ್ತು. ಅದನ್ನು ಓದುವ ಹಟದಿಂದ ಆರಂಭವಾದ ಅಭ್ಯಾಸ ಬೆಳ್ಳಿಯಿಂದ ಪಿಂಗಾಣಿಗೆ, ಪಿಂಗಾಣಿಯಿಂದ ಗಡಿಯಾರಕ್ಕೆ ಬೆಳೆದು, ಕೊನೆಗೆ ನಮ್ಮ ಮನೆಯ ಒಂದು ಹಳೆಯ ತಪ್ಪಿನ ಮುಂದೆ ನನ್ನನ್ನು ತಂದು ನಿಲ್ಲಿಸಿತು. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಬೆಳ್ಳಿಯ ಮೇಲೆ ಮುದ್ರೆಯೊತ್ತುವ ಪದ್ಧತಿ ಇಂಗ್ಲೆಂಡಿನಲ್ಲಿ ಏಳುನೂರು ವರ್ಷಗಳಷ್ಟು ಹಳೆಯದು. ೧೩೦೦ರಲ್ಲಿ ಒಂದನೆಯ ಎಡ್ವರ್ಡ್ ಅರಸನು ಮಾಡಿದ ಶಾಸನದಂತೆ, ಸಾವಿರ ಭಾಗದಲ್ಲಿ ೯೨೫ ಭಾಗ ಅಪ್ಪಟ ಬೆಳ್ಳಿಯಿಲ್ಲದ ಪಾತ್ರೆಯನ್ನು ಮಾರಕೂಡದು. ಪರೀಕ್ಷೆಯಲ್ಲಿ ಗೆದ್ದ ವಸ್ತುವಿಗೆ ಚಿರತೆಯ ಮುಖದ ಮುದ್ರೆ ಬೀಳಬೇಕು. (ಹೆಸರು ಚಿರತೆಯದಾದರೂ ನೋಡುವುದಕ್ಕೆ ಅದು ಸಿಂಹದ ಮುಖವೇ, ವಂಶಲಾಂಛನಗಳ ಪರಿಭಾಷೆಯಲ್ಲಿ ನಮ್ಮನ್ನು ಎದುರಾಗಿ ನೋಡುವ ಸಿಂಹವನ್ನು ಹಾಗೆ ಕರೆಯುತ್ತಿದ್ದರಂತೆ.) ೧೩೬೩ರಲ್ಲಿ, ಮಾಡಿದ ಅಕ್ಕಸಾಲಿಗನೂ ತನ್ನ ಗುರುತನ್ನು ಒತ್ತಬೇಕೆಂದಾಯಿತು. ೧೪೭೮ರಲ್ಲಿ ವರ್ಷವನ್ನು ತಿಳಿಸುವ ಅಕ್ಷರ ಬಂದಿತು. ಪರೀಕ್ಷೆಗಾಗಿ ಪಾತ್ರೆಗಳೆಲ್ಲ ಲಂಡನ್ನಿನ ಅಕ್ಕಸಾಲಿಗರ ಹಾಲ್‌ಗೆ ಬರಬೇಕಾದುದರಿಂದ ‘ಹಾಲ್‌ಮಾರ್ಕ್’ ಎಂಬ ಮಾತು ಹುಟ್ಟಿತು. ೧೫೪೪ರಲ್ಲಿ ನಡೆಯುವ ಸಿಂಹ ಸೇರಿತು. ೧೭೮೪ರಲ್ಲಿ, ಸುಂಕ ಸಂದಿದೆ ಎಂಬುದಕ್ಕೆ ಸಾಕ್ಷಿಯಾಗಿ ಅರಸನ ತಲೆ ಬಂದು ೧೮೯೦ರವರೆಗೆ ಉಳಿಯಿತು.

ಇವುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ವರ್ಷದ ಅಕ್ಷರ. ಲಂಡನ್ನಿನಲ್ಲಿ ಆಗ ಇಪ್ಪತ್ತು ಅಕ್ಷರಗಳಿಗೆ ಒಂದು ಆವರ್ತ; ಇಪ್ಪತ್ತು ವರ್ಷ ಮುಗಿದೊಡನೆ ಮತ್ತೆ ‘ಎ’ಯಿಂದ ಆರಂಭ. ಹಾಗಾದರೆ ಈ ‘ಎಂ’ ಯಾವ ಆವರ್ತದ್ದು? ಶಾಸನವನ್ನು ಓದುವವರಿಗೆ ಈ ತೊಡಕು ಹೊಸದಲ್ಲ. ಶಕವರ್ಷವನ್ನು ಹೇಳದೆ ಬರಿಯ ಸಂವತ್ಸರದ ಹೆಸರನ್ನು ಹೇಳುವ ಶಾಸನ ಸಿಕ್ಕರೆ, ಅದು ಅರುವತ್ತು ವರ್ಷಗಳ ಯಾವ ಸುತ್ತಿನದೆಂದು ತಿಳಿಯುವುದಕ್ಕೆ ನಾವು ಲಿಪಿಯ ರೂಪವನ್ನು ನೋಡುತ್ತೇವೆ. ಇಲ್ಲಿಯೂ ಅದೇ ಉಪಾಯ. ಪ್ರತಿ ಆವರ್ತಕ್ಕೂ ಅಕ್ಷರದ ಬರವಣಿಗೆ ಬೇರೆ, ಅದನ್ನು ಸುತ್ತುವರಿದ ಗುರಾಣಿಯ ಆಕಾರ ಬೇರೆ. ೧೯೦೫ರಲ್ಲಿ ಚಾರ್ಲ್ಸ್ ಜ್ಯಾಕ್ಸನ್ ಎಂಬ ವಿದ್ವಾಂಸನು ಈ ಮುದ್ರೆಗಳನ್ನೆಲ್ಲ ಕೂಡಿಸಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದನು. ನಮಗೆ ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹೇಗೋ ಬೆಳ್ಳಿಯ ಸಂಗ್ರಾಹಕರಿಗೆ ಅದು ಹಾಗೆ. ಅಂಥ ಪಟ್ಟಿಗಳ ನೆರವಿನಿಂದ ನನ್ನ ಚಮಚದ ವರ್ಷವನ್ನು ಗೊತ್ತುಮಾಡಿದೆ: ೧೭೮೭. ಮೈಸೂರಿನಲ್ಲಿ ಟೀಪು ಸುಲ್ತಾನನು ಆಳುತ್ತಿದ್ದ ಕಾಲ.

ಉಳಿದದ್ದು ‘ಎಚ್. ಬಿ.’ ಇದು ಹೆಸ್ಟರ್ ಬೇಟ್‌ಮನ್ ಎಂಬ ಹೆಂಗಸಿನ ಗುರುತು. ೧೭೦೮ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವಳು. ಗಂಡನು ಚಿನ್ನದ ಸರಪಣಿ ಮಾಡುವ ಕೆಲಸದವನು. ೧೭೬೦ರಲ್ಲಿ ಅವನು ತೀರಿಕೊಂಡ ಮೇಲೆ, ಐವತ್ತು ದಾಟಿದ ಆ ವಿಧವೆ ೧೭೬೧ರಲ್ಲಿ ಅಕ್ಕಸಾಲಿಗರ ಹಾಲ್‌ನಲ್ಲಿ ತನ್ನ ಹೆಸರಿನ ಮುದ್ರೆಯನ್ನು ದಾಖಲು ಮಾಡಿಸಿದಳು. ಮಕ್ಕಳು ಸೊಸೆಯರನ್ನು ಕೂಡಿಸಿಕೊಂಡು ಸುಮಾರು ಮೂವತ್ತು ವರ್ಷ ಆ ಕಾರ್ಯಾಗಾರವನ್ನು ನಡೆಸಿದಳು. ಆಕೆಗೆ ಓದುಬರಹ ಬರುತ್ತಿರಲಿಲ್ಲವೆಂದು ಹೇಳುತ್ತಾರೆ. ತನ್ನ ಹೆಸರನ್ನು ಕಾಗದದ ಮೇಲೆ ಸರಾಗವಾಗಿ ಬರೆಯಲಾರದವಳ ಎರಡಕ್ಷರ ಸಾವಿರಾರು ಚಮಚ ಬಟ್ಟಲುಗಳ ಮೇಲೆ ನಿಂತು, ಇಂದು ಸಂಗ್ರಾಹಕರು ಅದನ್ನೇ ಹುಡುಕಿಕೊಂಡು ಹೋಗುವಂತಾಗಿದೆ. ೧೭೮೭ರಲ್ಲಿ ಆಕೆಗೆ ಎಂಬತ್ತರ ಹತ್ತಿರದ ವಯಸ್ಸು. ಈ ಚಮಚವನ್ನು ಬಡಿದ ಕೈ ಆಕೆಯದೇ ಆಗಿರಲಾರದು. ಮುದ್ರೆಯೆಂದರೆ ಕೈಗೆಲಸದ ಸಾಕ್ಷಿಯಲ್ಲ, ಹೊಣೆಯ ಸಾಕ್ಷಿ. “ಇದು ಅಪ್ಪಟವಲ್ಲವೆಂದಾದರೆ ನನ್ನನ್ನು ಕೇಳಿ” ಎಂಬ ಮಾತು. ನಮ್ಮ ವಚನಕಾರರ ಅಂಕಿತವನ್ನು ಇದಕ್ಕಿಂತ ಚೆನ್ನಾಗಿ ಯಾವುದಕ್ಕೆ ಹೋಲಿಸಬಹುದೋ ನಾನು ಕಾಣೆ. ಅಂಕಿತವೆಂಬ ಮಾತಿಗೆ ಗುರುತು, ಮುದ್ರೆ ಎಂಬುದೇ ಅರ್ಥವಲ್ಲವೆ?

ಅಂಕಿತವಿದ್ದ ಕಡೆ ಕಳ್ಳ ಅಂಕಿತವೂ ಇರುತ್ತದೆ. ೧೭೨೦ರಲ್ಲಿ ಇಂಗ್ಲೆಂಡಿನ ಸರಕಾರ ಬೆಳ್ಳಿಯ ಸಾಮಾನಿಗೆ ಔನ್ಸಿಗೆ ಆರು ಪೆನ್ಸಿನಂತೆ ಸುಂಕ ವಿಧಿಸಿದಾಗ, ಕೆಲವು ಅಕ್ಕಸಾಲಿಗರು ಸಣ್ಣದೊಂದು ಬಿಲ್ಲೆಯನ್ನು ಪರೀಕ್ಷೆಗೆ ಕಳುಹಿಸಿ, ಅಲ್ಪ ಸುಂಕ ತೆತ್ತು, ಮುದ್ರೆ ಬಿದ್ದ ಆ ತುಂಡನ್ನು ದೊಡ್ಡ ಪಾತ್ರೆಯ ತಳಕ್ಕೆ ಬೆಸೆದುಬಿಡುತ್ತಿದ್ದರು. ಫ್ರಾನ್ಸಿನಿಂದ ಮತಕಲಹಕ್ಕೆ ಹೆದರಿ ಓಡಿಬಂದ ಹ್ಯೂಗೆನಾಟ್ ಕುಲದವನಾದ, ಆ ಯುಗದ ಅತ್ಯಂತ ಹೆಸರಾಂತ ಕುಶಲಿ ಪಾಲ್ ಡಿ ಲಾಮೆರಿಯೂ ಈ ಕಳ್ಳದಾರಿಯನ್ನು ಹಿಡಿದಿದ್ದನು. ಬೆಳ್ಳಿ ಅಪ್ಪಟವೇ, ಕುಶಲತೆಯೂ ಅಪ್ಪಟವೇ, ಮುದ್ರೆ ಮಾತ್ರ ಎರವಲು! ಮುದ್ರೆಯನ್ನೇ ಕೃತಕವಾಗಿ ತಯಾರಿಸುವವರ ಹಾವಳಿ ಬಲಿತು, ಹದಿನೆಂಟನೆಯ ಶತಮಾನದ ನಡುವೆ ಆ ಅಪರಾಧಕ್ಕೆ ಮರಣದಂಡನೆಯನ್ನೂ ವಿಧಿಸಿದ್ದರು. ಬೆಸುಗೆಯನ್ನು ಪತ್ತೆಹಚ್ಚುವ ಸುಲಭ ವಿಧಾನವೊಂದನ್ನು ಅನುಭವಸ್ಥ ವ್ಯಾಪಾರಿಗಳು ಬಳಸುತ್ತಾರೆ: ಮುದ್ರೆಯ ಮೇಲೆ ಬಾಯಿಂದ ಉಸಿರನ್ನು ಊದುವುದು. ತೆಳುವಾದ ಮಂಜು ಕಟ್ಟಿದಾಗ ಕಣ್ಣಿಗೆ ಕಾಣದ ಬೆಸುಗೆಯ ಗೆರೆ ಒಂದು ಕ್ಷಣ ಮೂಡಿ ಮಾಯವಾಗುತ್ತದೆ.

ಹೀಗೆ ಸಂಗ್ರಾಹಕನ ವಿದ್ಯೆಯ ಅರ್ಧಭಾಗ ಸಂಶಯದ ವಿದ್ಯೆ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದುದನ್ನೂ, ರೈಸರು ಅದನ್ನು ಒಪ್ಪದೆ ಹೋದುದನ್ನೂ ಎಂ.ಎ. ತರಗತಿಯ ವಿದ್ಯಾರ್ಥಿಗಳು ಬಲ್ಲರು. ಅಲ್ಲಿ ಪ್ರಶ್ನೆಯಾಗಿದ್ದುದು ಒಂದು ರಾಜವಂಶದ ಚರಿತ್ರೆ. ಇಲ್ಲಿ ಒಬ್ಬ ಕೊಳ್ಳುಗನ ಹಣ. ಆದರೆ ಪರೀಕ್ಷೆಯ ಕ್ರಮ ಒಂದೇ. ಲಿಪಿ ಕಾಲಕ್ಕೆ ಹೊಂದುತ್ತದೆಯೇ? ಒಂದು ಮುದ್ರೆ ಇನ್ನೊಂದಕ್ಕೆ ವಿರೋಧವಾಗಿದೆಯೇ? ಸವೆತ ಎಲ್ಲ ಕಡೆಗೂ ಸಮನಾಗಿದೆಯೇ? ಇನ್ನೂ ಒಂದು ಪ್ರಶ್ನೆಯುಂಟು: ಹಿಂದಿನ ಒಡೆಯನ ಹೆಸರನ್ನು ಉಜ್ಜಿ ಅಳಿಸಿದ್ದಾರೆಯೇ? ಹೊಸಬರಿಗೆ ಮಾರುವಾಗ ಹಳಬರ ಹೆಸರೋ ಲಾಂಛನವೋ ಅಡ್ಡಿಯಾಗುತ್ತದೆಂದು ಅರದಿಂದ ತೀಡಿಸಿಬಿಡುವುದು ವಾಡಿಕೆ. ಹಾಗೆ ತೀಡಿದೆಡೆ ಬೆಳ್ಳಿ ತೆಳುವಾಗುತ್ತದೆ. ಪಳಗಿದ ವ್ಯಾಪಾರಿ ಕಣ್ಣಿಟ್ಟು ನೋಡುವುದೇ ಇಲ್ಲ, ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ನೋಡುತ್ತಾನೆ. ತಗಡು ಬಳುಕಿದರೆ ಅಲ್ಲೊಂದು ಹೆಸರಿತ್ತೆಂದು ತಿಳಿಯುತ್ತಾನೆ, ಬೆಲೆಯನ್ನು ಇಳಿಸುತ್ತಾನೆ.

ಬೆಳ್ಳಿಯ ಮೊದಲ ಶತ್ರು ಕಳ್ಳನಲ್ಲ, ಮೂಸೆ. ಪಾತ್ರೆಯೂ ಹಣವೂ ಒಂದೇ ಲೋಹವಾದುದರಿಂದ, ಕಷ್ಟ ಬಂದಾಗಲೆಲ್ಲ ಪಾತ್ರೆ ಹಣವಾಗುತ್ತದೆ. ೧೬೪೦ರ ದಶಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಮನೆತನಗಳ, ಕಾಲೇಜುಗಳ ಬೆಳ್ಳಿ ಕರಗಿ ಸೈನಿಕರ ಸಂಬಳವಾಯಿತು. ೧೬೮೯ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಯುದ್ಧದ ಖರ್ಚಿಗಾಗಿ ವರ್ಸೇಲ್ಸ್ ಅರಮನೆಯ ಬೆಳ್ಳಿಯ ಪೀಠೋಪಕರಣಗಳನ್ನೇ ಟಂಕಸಾಲೆಗೆ ಕಳುಹಿಸಿದನು. ಇದಕ್ಕೆ ವಿರುದ್ಧವಾದುದೂ ನಡೆಯಿತು. ಇಂಗ್ಲೆಂಡಿನಲ್ಲಿ ನಾಣ್ಯಗಳನ್ನೇ ಕರಗಿಸಿ ಪಾತ್ರೆ ಮಾಡುವುದು ಮಿತಿಮೀರಿದಾಗ, ೧೬೯೭ರಲ್ಲಿ ಪಾತ್ರೆಯ ಬೆಳ್ಳಿ ನಾಣ್ಯದ ಬೆಳ್ಳಿಗಿಂತ ಹೆಚ್ಚು ಅಪ್ಪಟವಾಗಿರಬೇಕೆಂದು ಕಾನೂನು ಮಾಡಿ, ೧೭೨೦ರವರೆಗೆ ಅದನ್ನು ನಡೆಸಿದರು. ೧೯೮೦ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ ಸುಮಾರು ೫೦ ಡಾಲರಿಗೆ ಏರಿದಾಗ, ಎಷ್ಟೋ ಹಳೆಯ ಪಾತ್ರೆಗಳು ಮುದ್ರೆಗಳ ಸಮೇತ ಕುಲುಮೆಗೆ ಬಿದ್ದುವು. ೨೦೨೫ರಲ್ಲಿ ಬೆಲೆ ಆ ಎತ್ತರವನ್ನೂ ದಾಟಿತು. ಇಂದು ಉಳಿದಿರುವ ಪ್ರತಿಯೊಂದು ಹಳೆಯ ಬೆಳ್ಳಿಯ ಪಾತ್ರೆಯೂ, ಕಷ್ಟಕಾಲದಲ್ಲಿ ಯಾರೋ ಒಬ್ಬರು “ಇದೊಂದು ಇರಲಿ” ಎಂದುದರಿಂದ ಉಳಿದದ್ದು.

ಪಿಂಗಾಣಿಯ ಕಥೆ ಇದಕ್ಕೆ ತದ್ವಿರುದ್ಧ. ಅದನ್ನು ಕರಗಿಸಿದರೆ ಏನೂ ಹುಟ್ಟದು, ಅದು ಮಣ್ಣು. ಆದರೆ ಒಂದು ಕಾಲದಲ್ಲಿ ಯೂರೋಪಿನ ಅರಸರು ಈ ಮಣ್ಣಿಗಾಗಿ ಚಿನ್ನವನ್ನು ಚೆಲ್ಲುತ್ತಿದ್ದರು. ಚೀನದವರು ನೂರಾರು ವರ್ಷಗಳಿಂದ ಬಲ್ಲ ಆ ಗುಟ್ಟು ಯೂರೋಪಿಗೆ ತಿಳಿದದ್ದು ಒಬ್ಬ ಸೆರೆಯಾಳಿನಿಂದ. ಯೋಹಾನ್ ಫ್ರೀಡ್ರಿಕ್ ಬೋಟ್ಗರ್ ಎಂಬ ತರುಣ ಔಷಧಿ ವ್ಯಾಪಾರಿಯ ಶಿಷ್ಯ, ತಾನು ಕೀಳು ಲೋಹವನ್ನು ಚಿನ್ನ ಮಾಡಬಲ್ಲೆನೆಂದು ಜಂಭ ಕೊಚ್ಚಿಕೊಂಡು, ಅದರ ಫಲವಾಗಿ ಸ್ಯಾಕ್ಸನಿಯ ಅರಸನಾದ ಬಲಶಾಲಿ ಅಗಸ್ಟಸನ ಕೈಗೆ ಸಿಕ್ಕಿಬಿದ್ದನು. ಚಿನ್ನ ಹುಟ್ಟಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಮೇಲ್ವಿಚಾರಣೆಯಲ್ಲಿ ಬೇರೆಬೇರೆ ಮಣ್ಣುಗಳನ್ನು ಸುಡುತ್ತ ಸುಡುತ್ತ, ೧೭೦೮ರ ಸುಮಾರಿಗೆ ಅವನು ಬೆಳಕು ಹಾಯುವ ಬಿಳಿಯ ಪಿಂಗಾಣಿಯನ್ನು ಕಂಡುಹಿಡಿದನು. ಬಿಳಿಯ ಕಯೋಲಿನ್ ಮಣ್ಣು, ಅದರೊಡನೆ ಬೆಂಕಿಯಲ್ಲಿ ಕರಗಿ ಗಾಜಿನಂತಾಗುವ ಇನ್ನೊಂದು ಖನಿಜ, ಸುಮಾರು ೧೪೦೦ ಡಿಗ್ರಿಯ ಉರಿ—ಗುಟ್ಟೆಲ್ಲ ಇಷ್ಟೆ. ೧೭೧೦ರಲ್ಲಿ ಮೈಸೆನ್ ಊರಿನ ಕೋಟೆಯೊಳಗೆ ಕಾರ್ಖಾನೆ ಆರಂಭವಾಯಿತು. ಗುಟ್ಟು ಹೊರಬೀಳದಿರಲೆಂದೇ ಕೋಟೆ. ಆದರೂ ಹತ್ತು ವರ್ಷ ತುಂಬುವುದರೊಳಗೆ ಕೆಲಸಗಾರರ ಮೂಲಕ ಅದು ವಿಯೆನ್ನಾವನ್ನು ಸೇರಿತು. ಬೋಟ್ಗರನು ೧೭೧೯ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅಗಸ್ಟಸನ ಪಿಂಗಾಣಿಯ ಮೋಹವನ್ನು ರೋಗವೆಂದೇ ಕರೆದಿದ್ದಾರೆ. ೧೭೧೭ರಲ್ಲಿ ಅವನು ಪ್ರಷ್ಯದ ಅರಸನಿಂದ ೧೫೧ ಚೀನೀ ಪಿಂಗಾಣಿಯ ವಸ್ತುಗಳನ್ನು ಪಡೆದು, ಬದಲಿಗೆ ೬೦೦ ಮಂದಿ ಕುದುರೆಯ ಸೈನಿಕರನ್ನು ಕೊಟ್ಟನು. ಅವುಗಳಲ್ಲಿ ಎತ್ತರವಾದ ನೀಲಿ ಬಿಳುಪಿನ ಜಾಡಿಗಳಿಗೆ ಇಂದಿಗೂ ಆ ಸೈನಿಕರ ಹೆಸರೇ ಉಳಿದಿದೆ. ಸಂಗ್ರಹಾಲಯದಲ್ಲಿ ಅಂಥ ಜಾಡಿಯ ಮುಂದೆ ನಿಂತವನು ಅದರ ಬಣ್ಣವನ್ನು ಮೆಚ್ಚಬಹುದು. ಆದರೆ ಒಂದು ಜಾಡಿಗೆ ಎಷ್ಟು ಮಂದಿ ಮನುಷ್ಯರು ಎಂಬ ಲೆಕ್ಕ ತಲೆಯೊಳಗೆ ಹೊಕ್ಕ ಮೇಲೆ ಆ ಮೆಚ್ಚಿಗೆ ಮೊದಲಿನಂತೆ ಇರಲಾರದು.

ಮೈಸೆನ್ನಿನ ಗುರುತು ನೀಲಿಯಲ್ಲಿ ಬರೆದ, ಒಂದರಮೇಲೊಂದು ಹಾಯ್ದ ಎರಡು ಕತ್ತಿಗಳು. ೧೭೨೦ರ ದಶಕದಿಂದ ಬಳಕೆಯಲ್ಲಿರುವ ಈ ಚಿಹ್ನೆಯಷ್ಟು ನಕಲಾದ ಚಿಹ್ನೆಗಳು ಕೆಲವೇ. ಪ್ಯಾರಿಸ್ಸಿನಲ್ಲಿ ೧೮೪೫ರಲ್ಲಿ ಆರಂಭವಾದ ಸ್ಯಾಮ್‌ಸನ್ ಕಾರ್ಖಾನೆಯವರು ಮೈಸೆನ್, ಸೆವ್ರ್, ಚೀನ—ಯಾವುದನ್ನು ಬೇಕಾದರೂ ಅಚ್ಚಳಿಯದಂತೆ ಮಾಡಿಕೊಡುತ್ತಿದ್ದರು. ಇಂದು ಆ ನಕಲುಗಳನ್ನೇ ಸಂಗ್ರಹಿಸುವವರೂ ಇದ್ದಾರೆ. ಚೀನದ ಪದ್ಧತಿಯಂತೂ ಇನ್ನೂ ಸ್ವಾರಸ್ಯವಾದುದು. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಕಾಂಗ್‌ಶೀ ಚಕ್ರವರ್ತಿಯ ಕಾಲದ ಕುಂಬಾರರು ತಾವು ಮಾಡಿದ ಎಷ್ಟೋ ಬಟ್ಟಲುಗಳ ತಳದಲ್ಲಿ, ಎರಡು ಶತಮಾನ ಹಿಂದಿನ ಚೆಂಗ್‌ಹುವಾ ಚಕ್ರವರ್ತಿಯ ಹೆಸರನ್ನು ಬರೆದಿದ್ದಾರೆ. ಇದೆಲ್ಲವೂ ಮೋಸಕ್ಕೆಂದು ಮಾಡಿದುದಲ್ಲ. ಹಿಂದಿನವರ ಕುಶಲತೆಗೆ ಸಲ್ಲಿಸಿದ ಗೌರವವೂ ಅದರಲ್ಲಿದೆ. ನಮ್ಮಲ್ಲಿ ಬಸವಣ್ಣನವರ ಅಂಕಿತದಲ್ಲಿ ಪ್ರಕ್ಷಿಪ್ತ ವಚನಗಳು ಹುಟ್ಟಿದುದನ್ನು, ಸರ್ವಜ್ಞನ ಹೆಸರಿನಲ್ಲಿ ಎಷ್ಟೋ ಜನ ತ್ರಿಪದಿ ಕಟ್ಟಿದುದನ್ನು ನೆನೆದರೆ, ಆ ಕುಂಬಾರರ ಮನಸ್ಸು ನಮಗೆ ಅಪರಿಚಿತವೆನಿಸದು. ಸಂಪಾದಕನು ಮಾತ್ರ ಎರಡನ್ನೂ ಬೇರ್ಪಡಿಸಲೇಬೇಕು. ಗೌರವ ಬೇರೆ, ಕಾಲನಿರ್ಣಯ ಬೇರೆ.

ಆ ಚೆಂಗ್‌ಹುವಾ ಚಕ್ರವರ್ತಿಯ ಕಾಲದ್ದೇ ಆದ, ಹುಂಜ, ಹೇಂಟೆ, ಮರಿಗಳ ಚಿತ್ರವಿರುವ, ಅಂಗೈಯಲ್ಲಿ ಅಡಗುವಂಥ ಒಂದು ಸಣ್ಣ ಬಟ್ಟಲು ೨೦೧೪ರಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ ೨೮ ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮೀರಿ ಮಾರಾಟವಾಯಿತು. ಕೊಂಡವನು ಲಿಯು ಯಿಚಿಯಾನ್ ಎಂಬ ಶ್ರೀಮಂತ. ಹಣ ತೆತ್ತವನೇ ಅವನು ಅದರಲ್ಲಿ ಚಹ ಸುರಿದುಕೊಂಡು ಕುಡಿದನು. ಆ ಭಾವಚಿತ್ರ ಲೋಕವನ್ನೆಲ್ಲ ಸುತ್ತಿ, ಎಷ್ಟೋ ಜನ ಹೌಹಾರಿದರು. ನನಗೇಕೋ ಅವನ ಮೇಲೆ ಸಿಟ್ಟು ಬರಲಿಲ್ಲ. ಐನೂರು ವರ್ಷಗಳ ಹಿಂದೆ ಆ ಬಟ್ಟಲನ್ನು ಮಾಡಿದ ಕುಂಬಾರನು ಅದನ್ನು ಗಾಜಿನ ಪೆಟ್ಟಿಗೆಗಾಗಿ ಮಾಡಿದ್ದನೇ? ಪಿಂಗಾಣಿ ಉಳಿಯುವ ರೀತಿಯೂ ವಿಚಿತ್ರ. ೧೭೫೨ರಲ್ಲಿ ಮುಳುಗಿದ ಗೆಲ್ಡರ್‌ಮಾಲ್ಸನ್ ಎಂಬ ಡಚ್ಚರ ಹಡಗಿನಲ್ಲಿ ಚಹದ ಹೊರೆಯ ಜತೆಗೆ ಒಂದೂವರೆ ಲಕ್ಷದಷ್ಟು ಪಿಂಗಾಣಿಯ ಸಾಮಾನಿತ್ತು. ಚಹ ಹಾಳಾಯಿತು, ಇನ್ನೂರಮೂವತ್ತು ವರ್ಷ ಸಮುದ್ರದ ತಳದಲ್ಲಿ ಮಲಗಿದ್ದ ಬಟ್ಟಲುಗಳನ್ನು ೧೯೮೫ರಲ್ಲಿ ಮೇಲೆತ್ತಿ, ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದರು. ನಮ್ಮ ಹಂಪೆಯ ಅರಮನೆಗಳ ನೆಲೆಯಲ್ಲಿ ಅಗೆದಾಗಲೂ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಚೂರುಗಳಿಗೆ ಹರಾಜಿನಲ್ಲಿ ಬೆಲೆಯಿಲ್ಲ. ಆದರೆ ವಿಜಯನಗರದ ದೊಡ್ಡವರು ಯಾವುದರಲ್ಲಿ ಉಣ್ಣುತ್ತಿದ್ದರೆಂಬುದಕ್ಕೆ ಅವುಗಳಿಗಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಗಡಿಯಾರ. ಬೆಳ್ಳಿ, ಪಿಂಗಾಣಿಗಳು ಸುಮ್ಮನಿದ್ದು ಬಾಳುತ್ತವೆ. ಗಡಿಯಾರ ದುಡಿದು ಬಾಳಬೇಕು. ೧೬೫೬ರಲ್ಲಿ ಹಾಲೆಂಡಿನ ಹೈಗೆನ್ಸ್ ಎಂಬ ವಿಜ್ಞಾನಿ ಲೋಲಕವನ್ನು ಗಡಿಯಾರಕ್ಕೆ ಅಳವಡಿಸುವುದಕ್ಕೆ ಮೊದಲು, ದಿನಕ್ಕೆ ಕಾಲುಗಂಟೆ ತಪ್ಪುವ ಗಡಿಯಾರ ಒಳ್ಳೆಯ ಗಡಿಯಾರವೆನಿಸಿಕೊಳ್ಳುತ್ತಿತ್ತು. ಒಂದು ತೂಗಿಗೆ ಸರಿಯಾಗಿ ಒಂದು ಸೆಕೆಂಡು ಹಿಡಿಯುವ ಲೋಲಕದ ಉದ್ದ ಸುಮಾರು ಒಂದು ಮೀಟರು. ಅದಕ್ಕೆ ತೂಗಾಡುವಷ್ಟು ಎಡೆ ಬೇಕಾದುದರಿಂದಲೇ ಆಳೆತ್ತರದ ಮರದ ಪೆಟ್ಟಿಗೆಯ ಗಡಿಯಾರಗಳು ಹುಟ್ಟಿದುವು. ಇವಕ್ಕೆ ‘ಅಜ್ಜನ ಗಡಿಯಾರ’ವೆಂಬ ಹೆಸರು ಬಂದದ್ದು ಬಹಳ ತಡವಾಗಿ, ೧೮೭೬ರಲ್ಲಿ ಅಮೆರಿಕದ ಹೆನ್ರಿ ಕ್ಲೇ ವರ್ಕ್ ಎಂಬವನು ಬರೆದ ಒಂದು ಹಾಡಿನಿಂದ. ಇಂಗ್ಲೆಂಡಿನ ಗಡಿಯಾರದ ಕಸಬಿಗೆ ಪಿತಾಮಹನೆನಿಸಿದ ಥಾಮಸ್ ಟಾಂಪಿಯನ್ ತಾನು ಮಾಡಿದ ಗಡಿಯಾರಗಳಿಗೆ ಕ್ರಮಸಂಖ್ಯೆಯನ್ನು ಕೊರೆಯುತ್ತಿದ್ದನು. ೧೭೧೩ರಲ್ಲಿ ತೀರಿಕೊಂಡ ಈ ಕಮ್ಮಾರನ ಮಗನನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹುಗಿದರು. ೧೭೯೭ರಲ್ಲಿ ಇಂಗ್ಲೆಂಡಿನ ಪ್ರಧಾನಿ ಪಿಟ್ಟನು ಗಡಿಯಾರಗಳ ಮೇಲೂ ತೆರಿಗೆ ಹಾಕಿದನು; ಕೆಲಸಗಾರರು ಬೀದಿಗೆ ಬಿದ್ದರು; ಒಂದು ವರ್ಷ ತುಂಬುವುದರೊಳಗೆ ತೆರಿಗೆಯನ್ನು ತೆಗೆಯಬೇಕಾಯಿತು. ಹೊತ್ತಿಗೆ ಸುಂಕ ಕಟ್ಟುವುದು ಅಷ್ಟು ಸುಲಭವಲ್ಲ!

ಹಳೆಯ ಗಡಿಯಾರಗಳ ವ್ಯಾಪಾರಿಗಳಲ್ಲಿ ‘ಮದುವೆ’ ಎಂಬ ಒಂದು ಪಾರಿಭಾಷಿಕ ಪದವಿದೆ. ಒಂದು ಗಡಿಯಾರದ ಯಂತ್ರವನ್ನು ಇನ್ನೊಂದರ ಪೆಟ್ಟಿಗೆಯಲ್ಲಿ ಕೂಡಿಸಿದ್ದರೆ ಅದು ಮದುವೆ. ನಮ್ಮಲ್ಲಿ ಮಂಗಳಕರವಾದ ಈ ಮಾತು ಅಲ್ಲಿ ದೊಡ್ಡ ದೋಷ. ಬೆಲೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಯಂತ್ರವನ್ನು ಕೂರಿಸಿದ ಹಲಗೆಯಲ್ಲಿ ಅನಾವಶ್ಯಕವಾದ ಹಳೆಯ ತೂತುಗಳಿವೆಯೇ, ಮುಖಫಲಕ ಬಾಗಿಲಿನ ಚೌಕಟ್ಟಿಗೆ ಸರಿಯಾಗಿ ಕೂಡುತ್ತದೆಯೇ ಎಂದು ಟಾರ್ಚು ಹಿಡಿದು ಪರೀಕ್ಷಿಸುತ್ತಾರೆ. ಜಾತಕ ನೋಡುವವರೂ ಅಷ್ಟು ನೋಡಲಾರರು.

ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ತಯಾರಾದ ಒಂದು ಗೋಡೆಯ ಗಡಿಯಾರವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಥವು ನಮ್ಮ ನಾಡಿಗೆ ಹಡಗಿನಲ್ಲಿ ಹೇರಳವಾಗಿ ಬಂದುವು. ಹಿಂಬದಿಯ ಕಾಗದದ ಚೀಟಿಯನ್ನು ಹುಳು ಅರ್ಧ ತಿಂದಿದೆ. ಲೋಲಕ ಎಂದೋ ಕಳೆದುಹೋಗಿ, ಊರಿನ ಕಂಚುಗಾರನು ಹಿತ್ತಾಳೆಯ ಬಿಲ್ಲೆಯೊಂದನ್ನು ಬಡಿದುಕೊಟ್ಟಿದ್ದನು. ಕೆಲವು ವರ್ಷಗಳ ಹಿಂದೆ, ಹಳ್ಳಿಹಳ್ಳಿ ತಿರುಗಿ ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದು ಅದನ್ನು ಕೇಳಿದನು. ಮೊದಲು ಹೇಳಿದ ಬೆಲೆಯನ್ನು, ಬಾಗಿಲು ತೆರೆದು ನೋಡಿದೊಡನೆ ಇಳಿಸಿ, “ಲೋಲಕ ಇದರದ್ದಲ್ಲವಲ್ಲ ಸ್ವಾಮಿ” ಎಂದನು. ನಮ್ಮ ತಂದೆಯವರು, “ಇದರದ್ದಲ್ಲದಿರಬಹುದು, ನಮ್ಮೂರಿನದು” ಎಂದು ಬಾಗಿಲು ಹಾಕಿದರು. ವ್ಯಾಪಾರಿಯ ಮಾತೂ ಸರಿಯೇ. ಅವನು ಕೇಳುವುದು, ವಸ್ತು ಹುಟ್ಟಿದಾಗ ಹೇಗಿತ್ತು ಎಂದು. ಮನೆಯವರು ನೆನೆಯುವುದು, ಅದು ತಮ್ಮೊಡನೆ ಹೇಗೆ ಬಾಳಿತು ಎಂದು.

ನನ್ನ ವಿದ್ಯಾರ್ಥಿ ಚಮಚವನ್ನು ಕೊಂಡದ್ದು ಲಂಡನ್ನಿನ ಚಾನ್ಸರಿ ಲೇನಿನ ನೆಲಮಾಳಿಗೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಮಂತರ ಒಡವೆ, ಬೆಳ್ಳಿ, ದಸ್ತಾವೇಜುಗಳನ್ನು ಕಾಪಾಡುವುದಕ್ಕೆಂದು ಕಟ್ಟಿದ ಉಕ್ಕಿನ ಕೋಣೆಗಳು ಅವು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮೇಲಣ ಕಟ್ಟಡ ಹಾಳಾದರೂ ಕೆಳಗಣ ಬೆಳ್ಳಿಗೆ ಏನೂ ಆಗಲಿಲ್ಲ. ಈಗ ಆ ಕೋಣೆಗಳೇ ಅಂಗಡಿಗಳು. ಅಲ್ಲಿಯ ಮಾಲಿನಲ್ಲಿ ನಮ್ಮ ನಾಡಿನದೂ ಬರುವುದುಂಟು; ಮದರಾಸಿನಲ್ಲಿ ೧೮೪೯ರಲ್ಲಿ ಆರಂಭವಾದ ಪಿ. ಓರ್ ಅಂಡ್ ಸನ್ಸ್ ಅಂಗಡಿಯವರು ಹಿಂದೂ ದೇವತೆಗಳ ಉಬ್ಬುಚಿತ್ರಗಳಿಂದ ಮಾಡಿಸುತ್ತಿದ್ದ ‘ಸ್ವಾಮಿ’ ಬೆಳ್ಳಿಗೆ ಇಂದು ಸಂಗ್ರಾಹಕರಲ್ಲಿ ಒಳ್ಳೆಯ ಬೇಡಿಕೆಯಿದೆ. ಇತ್ತ, ಊಟದ ಮೇಜಿನ ದೊಡ್ಡ ದೊಡ್ಡ ಪಿಂಗಾಣಿಯ ಜೋಡಣೆಗಳಿಗೂ ಸಾಧಾರಣವಾದ ಉದ್ದ ಗಡಿಯಾರಗಳಿಗೂ ಈ ಶತಮಾನದಲ್ಲಿ ಬೇಡಿಕೆ ಇಳಿದಿದೆಯೆಂದು ವ್ಯಾಪಾರಿಗಳು ಕೊರಗುತ್ತಾರಂತೆ. ಚಿಕ್ಕ ಮನೆಗಳ ಹೊಸ ತಲೆಮಾರಿಗೆ ಅವನ್ನಿಡಲು ಎಡೆಯಿಲ್ಲ. ವಿದ್ಯಾರ್ಥಿ ತೋರಿಸಿದ ಒಂದು ಹರಾಜಿನ ಕ್ಯಾಟಲಾಗಿನಲ್ಲಿ ಪ್ರತಿ ವಸ್ತುವಿಗೂ ನಾಲ್ಕೈದು ಸಾಲಿನ ವಿವರ: ಮಾಡಿದವರು, ಊರು, ವರ್ಷ, ತೂಕ, ಎಲ್ಲಿ ಬಿರುಕು, ಎಲ್ಲಿ ಬೆಸುಗೆ, ಹಿಂದೆ ಯಾರ ಮನೆಯಲ್ಲಿತ್ತು. ಮಾರುವುದಕ್ಕೆಂದು ಬರೆದುದಾದರೂ, ಒಂದು ಚಮಚದ ಮೇಲೆ ಅಷ್ಟು ಗಮನವಿಟ್ಟ ಬರಹವನ್ನು ನೋಡಿದಾಗ ನನಗೆ ನಾಚಿಕೆಯಾಯಿತು. ಕಾರಣವನ್ನು ಹೇಳಬೇಕು.

ನಮ್ಮ ಅಜ್ಜಿಗೆ ತವರಿನವರು ಮದುವೆಯಲ್ಲಿ ಕೊಟ್ಟ ಒಂದು ಬೆಳ್ಳಿಯ ಚೊಂಬಿತ್ತು. ಅದರ ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಕೊರೆದ ಒಂದು ಸಾಲಿನ ಬರಹ. ಅಜ್ಜಿಗೆ ಓದು ಬಾರದು. ಆದರೆ ಬೆಳಗಿನ ಜಾವದ ಕತ್ತಲೆಯಲ್ಲಿ, ತೊಳೆದು ಬೋರಲಿಟ್ಟ ಪಾತ್ರೆಗಳ ನಡುವೆ, ಹೆಬ್ಬೆರಳಿನಿಂದ ಆ ಚುಕ್ಕೆಗಳನ್ನು ತಡವಿ ತನ್ನ ಚೊಂಬನ್ನು ಗುರುತಿಸುತ್ತಿದ್ದಳು. ಆಕೆ ಹೋದ ಮೇಲೆ, ೨೦೦೧ರಲ್ಲಿ, ನನ್ನ ಎಂ.ಎ. ವ್ಯಾಸಂಗದ ಶುಲ್ಕಕ್ಕೂ ಹಾಸ್ಟೆಲಿಗೂ ಹಣ ಸಾಲದೆ, ತಾಯಿ ಅದನ್ನು ಪೇಟೆಯ ಒಂದು ಅಂಗಡಿಗೆ ಒಯ್ದರು, ನಾನೂ ಜೊತೆಗಿದ್ದೆ. ಅಂಗಡಿಯವನು ಒರೆಗಲ್ಲಿಗೆ ಉಜ್ಜಿದನು, ತೂಗಿದನು, ಕಂಠದ ಬೆಸುಗೆಗೆಂದು ಸ್ವಲ್ಪ ಕಳೆದನು. ತಾಯಿ ಮೆಲ್ಲನೆ, “ಅದರಲ್ಲಿ ಹೆಸರಿದೆ” ಎಂದರು. ಏಕೆ ಹೇಳಿದರೋ, ಏನನ್ನು ನಿರೀಕ್ಷಿಸಿ ಹೇಳಿದರೋ ಅವರಿಗೇ ತಿಳಿದಿರಲಿಲ್ಲವೆಂದು ತೋರುತ್ತದೆ. ಅಂಗಡಿಯವನು ಒರಟನೇನಲ್ಲ, ಸಮಾಧಾನದ ದನಿಯಲ್ಲಿಯೇ, “ಹೆಸರಿಗೆ ತೂಕವಿಲ್ಲಮ್ಮ” ಎಂದನು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸಂಜೆಯೊಳಗೆ ಅದು ಮೂಸೆಗೆ ಹೋಗಿರಬೇಕು.

ಮಾರಿದುದಕ್ಕೆ ನಾನು ಮರುಗುತ್ತಿಲ್ಲ. ಆ ಚೊಂಬು ನನ್ನ ವಿದ್ಯೆಯಾಯಿತು. ಅಜ್ಜಿ ಬದುಕಿದ್ದರೆ ತಾನೇ ತೆಗೆದುಕೊಡುತ್ತಿದ್ದಳು. ನಾನು ಮರುಗುವುದು ಬೇರೊಂದಕ್ಕೆ. ಆ ಹಣದಿಂದ ಸೇರಿದ ತರಗತಿಯಲ್ಲಿಯೇ ನಾನು ಶಾಸನಶಾಸ್ತ್ರವನ್ನು ಓದಿದೆ. ಸಾವಿರ ವರ್ಷಗಳ ಹಿಂದೆ ತುರುಗಾಳಗದಲ್ಲಿ ಮಡಿದ ಅಪರಿಚಿತರ ವೀರಗಲ್ಲುಗಳನ್ನು, ಸವೆದ ಒಂದೊಂದು ಒತ್ತಕ್ಷರಕ್ಕೂ ತಿಣುಕಿ, ಪ್ರತಿ ಮಾಡಿಕೊಂಡೆ. ನಮ್ಮ ಮನೆಯ ಆ ಒಂದು ಸಾಲನ್ನು ಮಾತ್ರ ಪ್ರತಿ ಮಾಡಿಕೊಳ್ಳಲಿಲ್ಲ. ಅದರಲ್ಲಿ ಅಜ್ಜಿಯ ಹೆಸರಿತ್ತು, ಕೊಟ್ಟವರ ಹೆಸರಿತ್ತು, ಒಂದು ಸಂವತ್ಸರದ ಹೆಸರೂ ಇತ್ತು. ಯಾವ ಸಂವತ್ಸರ? ನೆನಪಿಲ್ಲ. ಅದು ತಿಳಿದಿದ್ದರೆ ಅಜ್ಜಿಯ ಮದುವೆಯ ವರ್ಷ ತಿಳಿಯುತ್ತಿತ್ತು, ಆಕೆಯ ವಯಸ್ಸನ್ನು ಊಹಿಸಬಹುದಾಗಿತ್ತು. ಈಗ ಹೇಳಬಲ್ಲವರು ಯಾರೂ ಉಳಿದಿಲ್ಲ. ಲಂಡನ್ನಿನ ಒಬ್ಬ ವಿಧವೆಯ ಚಮಚದ ವರ್ಷವನ್ನು ನಾನು ನಿಷ್ಕೃಷ್ಟವಾಗಿ ಹೇಳಬಲ್ಲೆ. ನಮ್ಮ ಅಜ್ಜಿಯ ಚೊಂಬಿನದನ್ನು ಹೇಳಲಾರೆ.

ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸದಂತೆ ನಮ್ಮ ೧೯೭೨ರ ಪ್ರಾಚ್ಯವಸ್ತು ಕಾಯಿದೆ ತಡೆಯುತ್ತದೆ. ಊರಿನ ಮೂಸೆಯನ್ನು ತಡೆಯುವ ಕಾಯಿದೆ ಇಲ್ಲ, ಇರುವುದೂ ಸಾಧ್ಯವಿಲ್ಲ. ಹೊಟ್ಟೆಪಾಡು, ಮದುವೆ, ವಿದ್ಯೆಗಳ ಮುಂದೆ ಬೆಳ್ಳಿ ಎಂದೂ ಕರಗುತ್ತಲೇ ಬಂದಿದೆ. ಆದರೆ ಕರಗುವ ಮುಂಚೆ ಒಂದು ಕಾಗದ, ಒಂದು ಪೆನ್ಸಿಲು ಸಾಕು. ಈಗ ಕಿಸೆಯಲ್ಲಿರುವ ಫೋನಿನಿಂದ ಒಂದು ಚಿತ್ರ ತೆಗೆದರೂ ಸಾಕು.

ಈ ವರ್ಷ ನನ್ನ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿರುವ ಬೆಳ್ಳಿ, ತಾಮ್ರ, ಹಿತ್ತಾಳೆ, ಸ್ಟೀಲು—ಯಾವುದೇ ಪಾತ್ರೆಯ ಮೇಲಿರುವ ಬರಹವನ್ನು ಇದ್ದುದು ಇದ್ದಂತೆ ಪ್ರತಿಮಾಡಿ, ಪಾತ್ರೆ ಯಾವುದು, ಎಷ್ಟೆತ್ತರ, ಬರಹ ಎಲ್ಲಿದೆ ಎಂದು ಬರೆದು ತರಬೇಕು. ತಪ್ಪು ಕಾಗುಣಿತವನ್ನು ತಿದ್ದಕೂಡದು. ಮೊದಲು ನಕ್ಕರು. ಎರಡು ವಾರದಲ್ಲಿ ಮುನ್ನೂರಕ್ಕೂ ಹೆಚ್ಚು ಬರಹಗಳು ಬಂದುವು. ಗೃಹಪ್ರವೇಶಕ್ಕೆ ಅಣ್ಣ ಕೊಟ್ಟದ್ದು, ನಾಮಕರಣಕ್ಕೆ ಸೋದರತ್ತೆ ಕೊಟ್ಟದ್ದು, ಭಜನಾಮಂಡಲಿಯಲ್ಲಿ ಬಹುಮಾನ ಬಂದದ್ದು. ಕೆಲವದರಲ್ಲಿ ತಾರೀಕು, ಕೆಲವದರಲ್ಲಿ ಸಂವತ್ಸರ. ಒಬ್ಬ ಹುಡುಗಿ ಹಿತ್ತಾಳೆಯ ಬಿಂದಿಗೆಯ ಬರಹವನ್ನು ತಂದಿದ್ದಳು. ಅದರಲ್ಲಿ ಒಂದು ಹೆಸರಿನ ಮೇಲೆ ಗೀಟೆಳೆದು ಕೆಳಗೆ ಇನ್ನೊಂದು ಹೆಸರು ಕೊರೆದಿದೆ. “ಇವರು ಯಾರು?” ಎಂದು ಕೇಳಿದೆ. “ಗೊತ್ತಿಲ್ಲ ಸಾರ್. ಮನೆಯಲ್ಲಿ ಇಲ್ಲಿಯವರೆಗೆ ಯಾರೂ ಓದಿರಲಿಲ್ಲ. ಈ ಭಾನುವಾರ ಊರಿಗೆ ಹೋದಾಗ ದೊಡ್ಡಮ್ಮನನ್ನು ಕೇಳುತ್ತೇನೆ. ಅವರಿಗೆ ಎಂಬತ್ತೆಂಟು” ಎಂದಳು. ಭಾನುವಾರದವರೆಗೆ ಕಾಯಬೇಡ, ಇವತ್ತೇ ಫೋನು ಮಾಡು ಎಂದು ಹೇಳಿ ಕಳುಹಿಸಿದೆ.